ಹಳೆಯ ಲೈಬ್ರರಿ ತೆಗೆದವರು

ಸೋಮವಾರ ಮಧ್ಯಾಹ್ನ ಕುಷ್ಟನ ಹೆಣ ದಡಕ್ಕೆ ಬಂತು.

ಬಂದರಿನ ದೋಣಿ ಸಂಘದ ಕಂಪ್ಯೂಟರ್ ದಿನಾ ಬೆಳಗಿನ ಜಾವ ಎಲ್ಲರ ಮೊಬೈಲಿಗೂ ತಾನಾಗಿಯೇ ಗಾಳಿಯ ಎಚ್ಚರಿಕೆ ಕಳಿಸುತ್ತಿತ್ತು. ಅಂದು ಬಿರುಗಾಳಿ ಎದ್ದರೂ ಕಳಿಸಲಿಲ್ಲ. ಕುಷ್ಟ ದೋಣಿ ಇಳಿಸಿದ್ದ.

ಕಂಪ್ಯೂಟರ್ ನೋಡಿಕೊಳ್ಳುವವನು ರತನ್. ಜನ ಅವನ ಮೇಲೆ ಕೆಂಡವಾಗಿದ್ದರು. ಬುಧವಾರ, ಕುಂದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಸುಗುಣಳನ್ನು ಕುಷ್ಟನ ಅಪ್ಪ ಚಂದುವೇ ಕರೆತಂದ. ಅವನು ಸಂಘದ ಎಂಜಿನ್ ಮೆಕ್ಯಾನಿಕ್.

"ನನ್ ಮಗನ್ನ ಕೊಂದದ್ದ್ ಯಾರಂದ್ ಹೇಳಿ ಕಾಂಬ, ಟೀಚ್ರೆ. ರತನ ಆದ್ರೆ ಅವ ಈ ಬಂದರಗೆ ಇಪ್ಪುಕಾಗ."

* * *

"ನೀ ಎಂತ ಮುಟ್ಟಿದ್ದೆ?" ಸಂಘದ ಕಚೇರಿಯಲ್ಲಿ ಸುಗುಣ ರತನನನ್ನು ಕೇಳಿದಳು.

"ಎಂತದೂ ಇಲ್ಲ ಅಕ್ಕಾ. ಶನಿವಾರ ಸರಿ ಇತ್ತ್. ಆಯ್ತಾರ ಇಡೀ ಬೈಂದೂರಗೆ, ತಂಗಿ ನಿಶ್ಚಿತಾರ್ಥ."

ಸುಗುಣ ಪರದೆ ನೋಡಿದಳು. ಲಿನಕ್ಸ್. ಎಚ್ಚರಿಕೆಯ ಪ್ರೋಗ್ರಾಂ ನಂಬಿಕೊಂಡಿದ್ದ ಲೈಬ್ರರಿಯ, ಅಂದರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡಿನ ಕಡತದ, ಎರಡನೇ ಆವೃತ್ತಿ ಇಲ್ಲ. ಇದ್ದದ್ದು ಮೂರನೆಯದು.

ಕಂಪ್ಯೂಟರಿಗೆ ಹಿಂದೆ ಕೊಟ್ಟ ಆದೇಶಗಳ ಪಟ್ಟಿ ತೆರೆದಳು. ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಅಲೆಯ ಎತ್ತರ ತೋರಿಸುವ ಪ್ರೋಗ್ರಾಂ ಒಂದನ್ನು ಯಾರೋ ಕಂಪೈಲ್ ಮಾಡಿ ಓಡಿಸಲು ಸಿದ್ಧಪಡಿಸಿದ್ದರು. ಅದಕ್ಕೆ ಹೊಸ ಲೈಬ್ರರಿ ಬೇಕಿತ್ತು. ಹಾಕಿದರು, ಹಳೆಯದಕ್ಕೂ ಹೊಸದಕ್ಕೂ ತಾಗಿತು, ಒಂದೇ ಜಾಗದಲ್ಲಿ ಎರಡೂ ನಡೆಯಲಿಲ್ಲ. ಮೂರು ಸಲ ಸೋತು, ಕೊನೆಗೆ ಹಳೆಯದನ್ನು ಅಳಿಸಿದ್ದರು.

"ಹೀಂಗ್ ತಾಗಿದ್ರೆ ನೀ ಎಂತ ಮಾಡ್ತೆ, ರತನ್?"

"ಹಳೇದನ್ನ ಬೇರೆ ಫೋಲ್ಡರಗೆ ಇಡ್ತೆ. ತೆಗೂದಿಲ್ಲ."

ಅವನ ಹಿಂದಿನ ಕೆಲಸಗಳೂ ಹಾಗೆಯೇ ಇದ್ದವು.

"ಪಾಸ್‌ವರ್ಡ್ ಮತ್ಯಾರಿಗೆ ಗೊತ್ತ್?"

ರತನ್ ಕಿಟಕಿಯಾಚೆ ಚಂದುವಿನ ಶೆಡ್ಡಿನ ಕಡೆ ನೋಡಿದ.

* * *

ಚಂದುವಿನ ಶೆಡ್ಡಿನ ಬಾಗಿಲಲ್ಲಿ ಕಳಚಿದ ಬಿಡಿಭಾಗಗಳ ಗೋಣಿಚೀಲವಿತ್ತು.

"ಚಂದಣ್ಣ, ಎಂಜಿನ್ನಿಗೆ ಹೊಸ ಪಂಪ್ ಹಾಕಿದ್ರೆ ಹಳೇದ್?"

"ಗುಜರಿಗೆ. ಎರಡ್ ಪಂಪ್ ಇಟ್ಕಂಡ್ ಎಂಜಿನ್ ಓಡತ್ತಾ?"

ಸುಗುಣ ನಗಲಿಲ್ಲ.

"ಆಯ್ತಾರ ಕಂಪ್ಯೂಟರ್ ಮುಂದೆ ಕೂತದ್ದ್ ನೀವಾ? ಹೊಸದ್ ಹಾಕಿ ಹಳೇದ್ ತೆಗೆದದ್ದ್ ಎಂಜಿನ್ ಬಿಚ್ಚುವ ಕೈ. ಎಚ್ಚರಿಕೆ ಪ್ರೋಗ್ರಾಂ ಓಡ್ತಿದ್ದದ್ದ್ ಆ ಹಳೇದ್ರ ಮೇಲೆ."

ಚಂದು ಚೀಲದ ಪಕ್ಕ ಕುಳಿತ.

"ಮಗ ಕೇಂಡಿದ್ದ. ಅಲೆ ಎಷ್ಟ್ ಎತ್ರ ಅಂದ್ ಕಾಣ್ಕ್ ಅಂದ. ರತನ ಕಂಪ್ಯೂಟರ್ ಕಲ್ಸಿ ಪಾಸ್‌ವರ್ಡ್ ಕೊಟ್ಟಿದ್ದ, ಅದಕ್ಕೆ ಮಾಡ್ದೆ. ಸೋಮವಾರ ಬಂದ್ ಮೇಲೆ ತೋರ್ಸುವ ಅಂದೇಳಿ…" ತಲೆ ಎತ್ತಿದ. "ಎರಡೂ ಒಟ್ಟಿಗೆ ಇಡ್ಲಕ್ಕಿತ್ತಾ?"

ಸುಳ್ಳು ಹೇಳಬಹುದಿತ್ತು.

"ಇಡ್ಲಕ್ಕಿತ್ತ್, ಚಂದಣ್ಣ."

ಹೊರಗೆ ಜನ ರತನನನ್ನು ಸುತ್ತುವರಿದಿದ್ದರು. ಚಂದು ಎದ್ದು, ಅವರ ನಡುವೆ ಹೋಗಿ ನಿಂತ.

"ಹ್ವಾಯ್, ಆ ಹುಡುಗನ್ನ ಬಿಡಿ. ಹಳೇದ್ ತೆಗೆದದ್ದ್ ನಾನ್."