ಸತ್ತವಳ ಹೆಸರಿಗೆ ಏಳು ಪಾರ್ಸೆಲ್

ಢಬ್!

ಲಾರಿಯ ಹಿಂಬಾಗಿಲು ಮುಚ್ಚಿತು. ಹೊರಗಡೆ ಚಿಲಕ ಬಿತ್ತು.

ಬೆಳಗಿನ ಹನ್ನೊಂದು ಗಂಟೆ. ಹೊರಗೆ ಚಳಿಗಾಲದ ಬಿಸಿಲು. ಒಳಗೆ ಕಗ್ಗತ್ತಲು... ಒಂದೇ ಒಂದು ಬೆಳಕು ಬಿಟ್ಟರೆ.

ಅದು ಗ್ಯಾಸ್ ಹೀಟರಿನ ಜ್ವಾಲೆ!

ನಾನಿದ್ದದ್ದು ಲಾರಿಯೊಳಗೆ, ಬೆಲೆಬಾಳುವ ಪಾರ್ಸೆಲ್‌ಗಳಿಗೆಂದು ಕಟ್ಟಿದ ಕಬ್ಬಿಣದ ಜಾಲರಿಯ ಗೂಡಿನಲ್ಲಿ. ಆ ಗೂಡಿಗೂ ಬೀಗ ಬಿದ್ದಿತ್ತು. ಹೀಟರು ಜಾಲರಿಯ ಆಚೆ. ಕೈ ಚಾಚಿದರೂ ಇನ್ನೂ ಎರಡು ಮೊಳ ದೂರ.

"ಬಾಗಿಲು ತೆಗಿಯೋ ಮೀಸೆ!"

ಮೀಸೆ ನಮ್ಮ ಡ್ರೈವರ್. ಅವನ ಮುಖದಲ್ಲಿ ಒಂದು ಕೂದಲೂ ಇಲ್ಲ. ಅದಕ್ಕೇ ಆ ಹೆಸರು.

"ಯಜಮಾನ್ರು ಹೇಳಿದಾರಣ್ಣ," ಬಾಗಿಲ ಸಂದಿಯಿಂದ ಅವನ ದನಿ ಬಂತು. "ಚಳಿ ಜಾಸ್ತಿ ಇದೆ, ಬೆಚ್ಚಗೆ ಕರ್ಕೊಂಡ್ಹೋಗು ಅಂದ್ರು."

"ಇದು ಕೊಲೆ ಕಣೋ!"

"ಕೊಲೆ ಯಾಕಾಗುತ್ತೆ? ನೀವೇ ಹಚ್ಕೊಂಡ್ರಿ, ನೀವೇ ನಿದ್ದೆ ಹೋದ್ರಿ. ಅಷ್ಟೆ."

ಎಂಜಿನ್ ಗುಡುಗಿತು. ಲಾರಿ ಹೊರಟಿತು.

ಗಡಿಯ ಸೇತುವೆಗೆ ಮುಕ್ಕಾಲು ಗಂಟೆಯ ದಾರಿ. ಮುಚ್ಚಿದ ಜಾಗದಲ್ಲಿ ಒಬ್ಬ ಮನುಷ್ಯನನ್ನು ಮುಗಿಸಲು ಆ ಹೀಟರಿಗೆ ಅಷ್ಟು ಹೊತ್ತು ಬೇಕಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ತಲೆನೋವು ಬರುತ್ತದೆ, ಆಮೇಲೆ ನಿದ್ದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಹೇಗೆ ಗೊತ್ತು ಅಂತೀರಾ? ಹಾಗಾದರೆ ಮೂರು ದಿನ ಹಿಂದಕ್ಕೆ ಬನ್ನಿ.

ನಮ್ಮದು ಮೇಲ್ ಆರ್ಡರ್ ಸಾಗಣೆ. ಗೋದಾಮು ಗಡಿಯ ಈಚೆ, ಗಿರಾಕಿಗಳು ಆಚೆ. ಅವರು ಕ್ಯಾಟಲಾಗ್ ನೋಡಿ ಆರ್ಡರ್ ಕಳಿಸುತ್ತಾರೆ. ನಾವು ಪೆಟ್ಟಿಗೆ ಕಟ್ಟಿ, ಕಾಗದ ಪತ್ರ ಮಾಡಿ ದಾಟಿಸುತ್ತೇವೆ. ಗಡಿಯಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆ ಬಿಡಿಸುವುದು ನನ್ನ ಕೆಲಸ. ಬಾಯಿ ಮಾಡುವ ಗಿರಾಕಿಯ ಬಾಯಿ ಮುಚ್ಚಿಸುವುದೂ ನನ್ನದೇ.

ಸೋಮವಾರ ಯಜಮಾನರು ಕರೆಸಿದರು. ಬಾಯಲ್ಲಿ ಪೆಪ್ಪರ್‌ಮಿಂಟ್. ಅವರಿಗೆ ಸಿಟ್ಟು ಬಂದಾಗ ಅದು ಹಲ್ಲಿಗೆ ಬಡಿದು ಟಕ್ ಟಕ್ ಅನ್ನುತ್ತದೆ.

"ಆಚೆ ಕಡೆ ಒಬ್ಬಳು ಏಳು ಪಾರ್ಸೆಲ್ ತರಿಸಿದಾಳೆ. ಈಗ ಕಾಗದ ಬರೆದಿದಾಳೆ. ಪೆಟ್ಟಿಗೆ ಮೇಲೆ ಇರೋದೊಂದು, ಒಳಗಿರೋದೊಂದು ಅಂತ. ಯಾರು ನೋಡು. ಸುಮ್ಮನಾಗಿಸು."

ಟಕ್ ಟಕ್.

ಅವರು ಚೀಟಿ ಕೊಟ್ಟರು. ಓದಿದೆ.

ನನ್ನ ಬೆನ್ನಲ್ಲಿ ಹಾವು ಹರಿದಂತಾಯಿತು!

ಆ ಹೆಸರು ನನಗೆ ಗೊತ್ತಿತ್ತು. ಆ ವಿಳಾಸವೂ ಗೊತ್ತಿತ್ತು. ನಾಲ್ಕು ವರ್ಷದಿಂದ ಕಣ್ಣು ಮುಚ್ಚಿದಾಗೆಲ್ಲ ಓದುತ್ತಿದ್ದೆ.

ಆಕೆ ಸತ್ತು ನಾಲ್ಕು ವರ್ಷವಾಗಿತ್ತು.

ಆಗ ನಾನು ಸರ್ಕಾರದ ತಪಾಸಣಾಧಿಕಾರಿ. ಗಡಿ ದಾಟುವ ಸರಕು ಸುರಕ್ಷಿತ ಅಂತ ಸಹಿ ಹಾಕುವವನು. ಒಂದು ಮಧ್ಯಾಹ್ನ ಹೀಟರುಗಳ ಒಂದು ರಾಶಿ ಬಂತು. ಪೆಟ್ಟಿಗೆ ತೆರೆಯಬೇಕಿತ್ತು. ತೆರೆಯಲಿಲ್ಲ. ಊಟದ ಹೊತ್ತಾಗಿತ್ತು... ನಂಬಿ, ಅಷ್ಟೇ ಕಾರಣ! ಸಹಿ ಹಾಕಿ ಎದ್ದೆ.

ಹದಿನೈದು ದಿನದ ಮೇಲೆ ಪೇಪರಿನಲ್ಲಿ ಫೋಟೋ. ಕನ್ನಡಕದ ಹೆಂಗಸು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಪಕ್ಕದಲ್ಲಿ ಎರಡು ಪುಟ್ಟ ಹೆಣ್ಣುಮಕ್ಕಳು. ಮೂವರೂ ಮಲಗಿದಲ್ಲೇ ಹೋಗಿದ್ದರು. ಕಿಟಕಿ ಮುಚ್ಚಿಕೊಂಡಿದ್ದು ಅವರದೇ ತಪ್ಪು ಅಂತ ವರದಿ ಬಂತು. ಉಳಿದ ಹೀಟರುಗಳನ್ನು ಜಜ್ಜಿ ಹಾಕಿ ಅಂತ ಆದೇಶವಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೇ ರಾಜೀನಾಮೆ ಕೊಟ್ಟೆ. ಮಾರನೇ ದಿನವೇ ಯಜಮಾನರು ಕರೆದು ಕೆಲಸ ಕೊಟ್ಟರು. ಆ ಹೀಟರುಗಳು ಅವರವೇ. ಅದು ಗೊತ್ತಿದ್ದೂ ಸೇರಿಕೊಂಡೆ.

ಮುಖ ತಿರುಗಿಸಬೇಡಿ. ಇನ್ನೂ ಇದೆ.

ಮಂಗಳವಾರ ಸೇತುವೆ ದಾಟಿದೆ. ಕಿರಿದಾದ ಬೀದಿ, ಮೂರನೇ ಮಹಡಿ, ಹಸಿರು ಬಾಗಿಲು. ಬಾಗಿಲು ತಟ್ಟಲು ಎತ್ತಿದ ಕೈ ಎರಡು ಸಲ ಕೆಳಗಿಳಿಯಿತು. ತೆಗೆಯುವವರು ಯಾರು? ಕನ್ನಡಕದವಳೇ ಬಂದು ನಿಂತರೆ?

ಬಾಗಿಲು ತೆಗೆದದ್ದು ಒಬ್ಬ ಅಜ್ಜಿ. ಮೋಟು ದೇಹ, ಗಂಡಸರ ಸ್ವೆಟರ್, ಸೂಜಿಯಂಥ ಕಣ್ಣು.

"ಕಂಪನಿಯೋರಾ? ಬನ್ನಿ. ಚಪ್ಪಲಿ ಅಲ್ಲೇ ಬಿಡಿ, ಈಗಷ್ಟೇ ಒರೆಸಿದೀನಿ."

"ಈ ಹೆಸರಿನವರು..."

"ನನ್ನ ಸೊಸೆ. ಸತ್ತಿದಾಳೆ. ಅವಳ ಹೆಸರಲ್ಲಿ ನಾನೇ ತರಿಸ್ತಿದೀನಿ. ಜೀವಂತ ಇದ್ದೋರ ಕಾಗದಕ್ಕೆ ನಿಮ್ಮೋರು ಉತ್ತರ ಕೊಡಲ್ಲ. ಸತ್ತೋಳ ಹೆಸರು ನೋಡಿ ಓಡಿ ಬಂದ್ರಿ, ನೋಡಿ!"

ಗೋಡೆಗೆ ಒರಗಿಸಿ ಏಳು ಪೆಟ್ಟಿಗೆ. ಒಂದರ ಮೇಲೆ 'ಟೇಬಲ್ ಲ್ಯಾಂಪ್' ಅಂತ ಚೀಟಿ. ಇನ್ನೊಂದರ ಮೇಲೆ 'ಹೊಲಿಗೆ ಯಂತ್ರದ ಬಿಡಿಭಾಗ'. ಬಾಯಿ ಬಿಚ್ಚಿದ ಪ್ರತಿ ಪೆಟ್ಟಿಗೆಯಲ್ಲೂ ಅದೇ ಹೀಟರು!

"ನಾನು ಕೇಳಿದ್ದು ಹೀಟರನ್ನೇ, ಗಡಿ ದಾಟಿಸೋಕೆ ಮೇಲೆ ಸುಳ್ಳು ಚೀಟಿ. ಜಜ್ಜಿ ಹಾಕಿದೀವಿ ಅಂದ ಮಾಲು," ಅಜ್ಜಿ ಹೇಳಿದಳು. "ಆಗಿನ ಆದೇಶದಲ್ಲಿದ್ದ ನಂಬರು ಅವೇ. ನಾನು ಅಂಚೆ ಕಚೇರೀಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದೋಳು. ನಂಬರು ಕಣ್ಣಿಗೆ ಬಿದ್ರೆ ಮರೆಯಲ್ಲ. ಈ ಏಳನ್ನೂ ತೋರಿಸ್ದೆ. ಈಚೆ ಆಫೀಸಿನೋರು ಆಚೆ ಕೇಳಿ ಅಂದ್ರು. ಆಚೆಯೋರು ಎಲ್ಲೋ ತಪ್ಪಿ ಬಂದಿರ್ಬೇಕು ಅಂದ್ರು."

"ನಾನು ವಿಚಾರಿಸ್ತೀನಮ್ಮ. ಒಂದು ಪೆಟ್ಟಿಗೆ ಕೊಡಿ, ತಗೊಂಡು ಹೋಗ್ತೀನಿ."

"ರಶೀದಿ ಬರ್ಕೊಡಿ."

ಬರೆದೆ. ಅಭ್ಯಾಸಬಲ ನೋಡಿ... ಕೆಳಗೆ ಸಹಿಯನ್ನೂ ಗೀಚಿದೆ!

ಅಜ್ಜಿ ಕನ್ನಡಕ ಏರಿಸಿಕೊಂಡಳು. ಡ್ರಾಯರಿನಿಂದ ಸರಕು ಸುರಕ್ಷಿತ ಅನ್ನುವ ಒಂದು ಪ್ರಮಾಣಪತ್ರ ತೆಗೆದು ರಶೀದಿಯ ಪಕ್ಕದಲ್ಲಿಟ್ಟಳು. ಆಮೇಲೆ ಇನ್ನೊಂದು. ಇನ್ನೊಂದು. ಒಟ್ಟು ಏಳು, ಒಂದೊಂದು ಪಾರ್ಸೆಲ್ಲಿನ ಜೊತೆ ಬಂದದ್ದು.

ಏಳರಲ್ಲೂ ನನ್ನ ಸಹಿ. ತಾರೀಖು ಮಾತ್ರ ಈ ವರ್ಷದ್ದು!

ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ನನ್ನ ಸಹಿ ಕೆಲಸ ಮಾಡುತ್ತಲೇ ಇತ್ತು. ಯಜಮಾನರು ಅದರ ಅಚ್ಚು ಮಾಡಿಟ್ಟುಕೊಂಡಿದ್ದರು.

ಬಾಗಿಲು ನನ್ನ ಹಿಂದೆ ನಾಲ್ಕೇ ಹೆಜ್ಜೆ. ಓಡಬಹುದಿತ್ತು.

"ಕೂತ್ಕೊಳ್ಳಿ," ಅಜ್ಜಿ ಹೇಳಿದಳು.

ಕೂತೆ.

"ಅವಳಿಗೂ ನನಗೂ ದಿನಾ ಜಗಳ," ಅವಳು ಪೆಟ್ಟಿಗೆಗಳ ಕಡೆ ನೋಡುತ್ತ ಹೇಳಿದಳು. "ಚಳಿ ಚಳಿ ಅಂತ ನಾನೇ ರಾಗ ಎಳೆದಿದ್ದು. ನಿಮ್ಮ ಕಾಟ ತಡಿಯೋಕಾಗಲ್ಲ ಅಂತ ಹೀಟರು ತರಿಸಿದ್ಲು. ಅದು ಬಂದ ದಿನ ಬೇರೆ ಯಾವುದಕ್ಕೋ ಮುನಿಸ್ಕೊಂಡು ನಾನು ತಂಗಿ ಮನೆಗೆ ಹೋದೆ. ನನ್ನ ಮಂಚದ ಹತ್ರ ಇಟ್ಟು ಹಚ್ಚಿ ನೋಡಿದಾರೆ. ಮಕ್ಕಳು ಅಲ್ಲೇ ಮಲಗಿವೆ..." ಬಾಯಿ ಬಿಚ್ಚಿದ್ದ ಒಂದು ಪೆಟ್ಟಿಗೆ ಮುಚ್ಚಿದಳು. "ಮಗ ಹಡಗಿನ ಕೆಲಸಕ್ಕೆ ಹೋದೋನು ಕಾಗದ ಬರೆಯಲ್ಲ."

ಕ್ಷಮಿಸಿ ಅಂದೆ.

"ಅದೆಲ್ಲ ಬೇಡ. ಗೋದಾಮಿನೊಳಗೆ ನನ್ನನ್ನ ಬಿಡಲ್ಲ. ನಿಮ್ಮನ್ನ ಬಿಡ್ತಾರೆ. ಲಾರಿ ಯಾವಾಗ ಹೊರಡುತ್ತೆ?"

"ಗುರುವಾರ."

"ಎಷ್ಟು ಹೀಟರು?"

"ಗೊತ್ತಿಲ್ಲ... ಇದಾವೆ ಅಂತಾನೇ ಗೊತ್ತಿರ್ಲಿಲ್ಲ."

"ನೋಡಿರಲ್ಲ ನೀವು," ಅವಳು ಹೇಳಿದಳು. "ಈ ಸಲ ಪೆಟ್ಟಿಗೆ ತೆಗೆದು ನೋಡಿ."

ಬುಧವಾರ ಯಜಮಾನರ ಮುಂದೆ ನಿಂತು ಹೇಳಿದೆ. "ಯಾರೋ ತಲೆಕೆಟ್ಟ ಮುದುಕಿ. ಬಿಟ್ಟುಬಿಡಿ."

ಯಜಮಾನರು ಮುಗುಳ್ನಕ್ಕರು. ಪೆಪ್ಪರ್‌ಮಿಂಟ್ ಟಕ್ ಅಂತು. ನನಗೆ ಆಗಲೇ ಹೊಳೆಯಬೇಕಿತ್ತು, ಮೀಸೆ ನನ್ನ ಬೆನ್ನ ಹಿಂದೆಯೇ ಸೇತುವೆ ದಾಟಿದ್ದ ಅಂತ!

ಗುರುವಾರ ಲಾರಿ ಹತ್ತಿದೆ. ಗೂಡಿನೊಳಗೆ ಹೀಟರುಗಳು ನಾನೂರು. ಪೆಟ್ಟಿಗೆ ಬಿಚ್ಚಿ ನಂಬರುಗಳ ಫೋಟೋ ತೆಗೆಯುತ್ತಿದ್ದೆ. ಹಿಂದೆ ಬೀಗ ಬಿತ್ತು. ಉಳಿದದ್ದು ನಿಮಗೆ ಗೊತ್ತು.

ಹತ್ತು ನಿಮಿಷಕ್ಕೆ ತಲೆ ಸಿಡಿಯತೊಡಗಿತು. ಫೋನಿಗೆ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಗ್ನಲ್ ಇಲ್ಲ. ಜಾಲರಿಯನ್ನು ಒದ್ದೆ. ಅಲುಗಲಿಲ್ಲ. ಹೀಟರನ್ನು ಏನಾದರೂ ಎಸೆದು ಉರುಳಿಸೋಣವೆ? ಒಳ್ಳೆಯ ಹೀಟರು ಉರುಳಿದರೆ ತಾನೇ ಆರುತ್ತದೆ. ಇದು ಆರುವುದಿಲ್ಲ. ಸುತ್ತ ರಟ್ಟು, ಕಾಗದ. ಸುಟ್ಟು ಬೂದಿಯಾಗುತ್ತೇನೆ!

ಗೂಡಿನಲ್ಲಿದ್ದ ಬೇರೆ ಪಾರ್ಸೆಲ್‌ಗಳನ್ನು ಹರಿದೆ. ಗೋಡೆ ಗಡಿಯಾರ. ಚೌರಿ ಕೂದಲು. ಮದುವೆಯ ಬೂಟು. ಹಿತ್ತಾಳೆಯ ತುತ್ತೂರಿ. ಒಂದೂ ಕೆಲಸಕ್ಕೆ ಬಾರದ್ದು. ಉಸಿರು ಭಾರವಾಯಿತು. ಮೊಣಕಾಲು ಕುಸಿಯಿತು.

ಆಗ ಅವಳು ಕಂಡಳು.

ಪೆಟ್ಟಿಗೆಗಳ ಮೇಲೆ ಕೂತಿದ್ದಳು. ಕನ್ನಡಕದ ಗಾಜಿನಲ್ಲಿ ಹೀಟರಿನ ಜ್ವಾಲೆ. ಆಚೀಚೆ ಮಕ್ಕಳು. ಚಿಕ್ಕದರ ಒಂದು ಕಾಲಿಗೆ ಮಾತ್ರ ಕಾಲುಚೀಲ.

"ಕಾಲು ಚಾಚ್ಕೊಳ್ಳಿ," ಅವಳು ಮೆಲ್ಲಗೆ ಹೇಳಿದಳು. "ಜಾಗ ಇದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದ ನೆಂಟನಿಗೆ ಹೇಳುವಂತೆ ಹೇಳಿದಳು! ಕಣ್ಣು ಎಳೆಯುತ್ತಿತ್ತು. ಮಲಗಿಬಿಡುವುದು ಎಷ್ಟು ಸುಲಭ... ಚಿಕ್ಕದು ನನ್ನನ್ನೇ ನೋಡುತ್ತಿತ್ತು. ಆ ನೋಟ ತಪ್ಪಿಸಲೆಂದೇ ಇನ್ನೊಂದು ಪಾರ್ಸೆಲ್ ಹರಿದೆ.

ಪರದೆಯ ಸರಳು! ತುದಿಯಲ್ಲಿ ಕೊಕ್ಕೆ!

ಜಾಲರಿಯ ಕಂಡಿಯಲ್ಲಿ ತೂರಿಸಿದೆ. ಕೊಕ್ಕೆ ಹೀಟರಿನ ಹಿಡಿಗೆ ಸಿಕ್ಕಿತು. ಜಾರಿತು. ಮತ್ತೆ ಸಿಕ್ಕಿತು. ಅಂಗುಲ ಅಂಗುಲವಾಗಿ ಎಳೆದೆ. ಬೆರಳು ಹೊರಗೆ ತೂರಿಸಿ ತಿರುಪು ಹಿಡಿದೆ. ಕೆಂಡದಂತೆ ಕಾದಿತ್ತು. ಚರ್ಮ ಅಂಟಿಕೊಂಡಿತು. ಬಿಡಲಿಲ್ಲ. ತಿರುಗಿಸಿದೆ!

ಜ್ವಾಲೆ ಆರಿತು.

ಎಷ್ಟು ಹೊತ್ತು ಹಾಗೇ ಬಿದ್ದಿದ್ದೆನೋ, ಲಾರಿ ನಿಂತಿತು. ಚೆಕ್‌ಪೋಸ್ಟ್!

ಗೋಡೆಗೆ ಮುಖ ಒತ್ತಿ ಕಿರುಚಿದೆ. ಬಂದದ್ದು ಗೊರಗೊರ ಸದ್ದು ಮಾತ್ರ. ಹೊರಗೆ ಅಧಿಕಾರಿಯ ದನಿ.

"ಒಳಗೇನಿದೆ?"

"ಲ್ಯಾಂಪು, ಬಿಡಿಭಾಗ ಸಾರ್," ಮೀಸೆ ಹೇಳಿದ. "ಸರ್ಟಿಫಿಕೇಟ್ ಇದೆ ನೋಡಿ."

"ಸರಿ ಸರಿ, ಹೋಗು."

ಠಪ್!

ಮೊಹರು ಬಿದ್ದ ಸದ್ದು. ಪೆಟ್ಟಿಗೆ ತೆರೆಯದೆ. ನನ್ನ ಸಹಿ ನಂಬಿ! ನನ್ನಂಥವನೇ ಇನ್ನೊಬ್ಬ ಆ ಕುರ್ಚಿಯಲ್ಲಿ ಕೂತಿದ್ದ.

ಎಂಜಿನ್ ಮತ್ತೆ ಗುಡುಗಿತು.

ಕತ್ತಲಲ್ಲಿ ತಡಕಿದೆ. ತುತ್ತೂರಿ! ಬಾಯಿಗೆ ಇಟ್ಟು ಊದಿದೆ. ಗಾಳಿ ಹೋಯಿತು. ಮತ್ತೆ ಊದಿದೆ. ಕೋಣ ಕೂಗಿದಂಥ ಸದ್ದು ಹೊರಟಿತು! ಮತ್ತೆ, ಮತ್ತೆ... ಕಣ್ಣಲ್ಲಿ ನಕ್ಷತ್ರ ಕಾಣುವವರೆಗೆ!

"ಏಯ್, ನಿಲ್ಸು! ಲ್ಯಾಂಪು ಯಾವಾಗಿಂದ ಕೂಗೋಕೆ ಶುರುಮಾಡ್ತು?"

ಓಡುವ ಹೆಜ್ಜೆಗಳು. ಮೀಸೆ ಇಳಿದು ಸೇತುವೆಯ ಮೇಲೆ ವಾಹನಗಳ ನಡುವೆ ಓಡಿದನಂತೆ. ಎರಡೂ ದೇಶದ ಗೇಟು ಒಟ್ಟಿಗೆ ಇಳಿದವು. ನಟ್ಟನಡುವೆ ಸಿಕ್ಕಿಬಿದ್ದ.

ಹಿಂಬಾಗಿಲು ತೆರೆಯಿತು. ಬಿಸಿಲು ಕಣ್ಣಿಗೆ ಹೊಡೆಯಿತು. ಅಧಿಕಾರಿ ಗೂಡಿನ ಬೀಗ ಒಡೆಸಿದ. ಹೊಸಬ, ಹಣೆಯಲ್ಲಿ ಬೆವರು.

"ಯಾರ್ರೀ ನೀವು?"

ಹೊರಗೆ ಗಾಳಿ ಇತ್ತು. ಎಷ್ಟೊಂದು ಗಾಳಿ! ಎದೆ ತುಂಬ ಎಳೆದುಕೊಂಡೆ. ಯಜಮಾನರ ಆಳು, ಅಕಸ್ಮಾತ್ ಸಿಕ್ಕಿಕೊಂಡೆ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಹಿಂದಿರುಗಿ ನೋಡಿದೆ. ಪೆಟ್ಟಿಗೆಗಳ ಮೇಲೆ ಯಾರೂ ಇರಲಿಲ್ಲ.

"ನಿಮ್ಮ ಕೈಲಿರೋ ಕಾಗದಕ್ಕೆ ಮೊದಲು ಸಹಿ ಹಾಕಿದೋನು," ಅಂದೆ. "ಬರ್ಕೊಳ್ಳಿ. ಎಲ್ಲ ಹೇಳ್ತೀನಿ."

ಯಜಮಾನರಿಗೆ ಹತ್ತು ವರ್ಷ. ಮೀಸೆಗೆ ಆರು. ನನಗೆ ಮೂರು. ವಕೀಲರು ಅಪೀಲು ಮಾಡೋಣ ಅಂದರು. ಬೇಡ ಅಂದೆ.

ತಿಂಗಳಿಗೊಮ್ಮೆ ಅಜ್ಜಿ ಸೇತುವೆ ದಾಟಿ ಜೈಲಿಗೆ ಬರುತ್ತಾಳೆ. ಕ್ಷಮಿಸಲು ಅಲ್ಲ. ಮೊದಲನೇ ದಿನವೇ ಅದನ್ನು ಕಡ್ಡಿ ಮುರಿದಂತೆ ಹೇಳಿದಳು.

"ನಿಮ್ಮ ಮುಖ ನೋಡೋಕೆ ಬಂದಿಲ್ಲ. ಕೆಲಸ ಇದೆ."

ತನಿಖೆಯವರಿಂದ ಅವಳು ಗೋದಾಮಿನ ರಿಜಿಸ್ಟರಿನ ನಕಲು ಪಡೆದು ತಂದಿದ್ದಳು. ಆ ನಾನೂರು ಹೊರಡುವ ಮೊದಲೇ ನೂರಾಹನ್ನೆರಡು ಹೀಟರುಗಳು ಬೇರೆ ಬೇರೆ ಮನೆ ಸೇರಿದ್ದವು. ಪೇಪರಿನಲ್ಲಿ ಪ್ರಕಟಣೆ ಬಂದಿತ್ತು. ಅದನ್ನು ಯಾರು ಓದುತ್ತಾರೆ?

"ಹೀಟರು ಹಚ್ಚಬೇಡಿ ಅಂತ ಒಂದೊಂದು ಮನೆಗೂ ಬರೀರಿ. ಕಾಗೆಕಾಲು ಗುಬ್ಬಿಕಾಲು ಮಾಡ್ಬೇಡಿ. ತಲುಪ್ತು ಅಂತ ಉತ್ತರ ಹಾಕೋಕೆ ಹೇಳಿ."

ಸುಟ್ಟ ಬೆರಳಲ್ಲಿ ನೂರಾಹನ್ನೆರಡು ಕಾಗದ ಬರೆದೆ. ಅವಳು ಪ್ರತಿಯೊಂದನ್ನೂ ಓದಿ, ವಿಳಾಸ ತಿದ್ದಿ, ಅಂಚೆಗೆ ಹಾಕಿದಳು. ಅರವತ್ತೊಂದು ಉತ್ತರ ಬಂದವು. ಒಬ್ಬ ನಮ್ಮನ್ನು ಹಿಗ್ಗಾಮುಗ್ಗಾ ಬೈದಿದ್ದ. ಆ ಕಾಗದವನ್ನು ಅಜ್ಜಿ ಎರಡು ಸಲ ಓದಿಸಿದಳು.

ಚಳಿಗಾಲ ಬಂತು, ಹೋಯಿತು. ಆಮೇಲೆ ಒಂದು ಉತ್ತರವೂ ಬಂದಿಲ್ಲ.

ಉಳಿದ ಐವತ್ತೊಂದು ಮನೆಯವರು ಬರೀ ಸೋಮಾರಿಗಳು... ಹಾಗಂತ ನಾನೂ ಅಜ್ಜಿಯೂ ಒಮ್ಮತದಿಂದ ತೀರ್ಮಾನಿಸಿದ್ದೇವೆ!