ಅಲ್ಲಾಡದ ಸೂಜಿ

"ನೋಡ್ತಾ ಇರಿ, ಈಗ ಸೂಜಿ ತಿರುಗುತ್ತೆ!" ಎಂದು ಪಟಾಕಿ ತರಗತಿಯ ಮುಂದೆ ನಿಂತು ಕೂಗಿದಳು.

ಸೂಜಿ ತಿರುಗಲಿಲ್ಲ.

ನೀರು ತುಂಬಿದ ಬಟ್ಟಲಲ್ಲಿ, ಥರ್ಮೊಕೋಲ್ ಚೂರಿನ ಮೇಲೆ ಅದು ಹಾಯಾಗಿ ತೇಲುತ್ತಿತ್ತು. ಅದಕ್ಕಿಂತ ತುಸು ಮೇಲೆ, ಎರಡು ಪುಸ್ತಕದ ರಾಶಿಗಳ ನಡುವೆ ತಾಮ್ರದ ತಂತಿ ಬಿಗಿದಿತ್ತು. ಪಟಾಕಿಯ ಗೆಳೆಯ ಗೊರಕೆ ತಂತಿಯ ತುದಿಗಳನ್ನು ಬ್ಯಾಟರಿಗೆ ಒತ್ತಿ ಹಿಡಿದಿದ್ದ. ಒಮ್ಮೆ ತರಗತಿಯಲ್ಲಿ ನಿದ್ದೆ ಹೋಗಿದ್ದಕ್ಕೆ ಅವನಿಗೆ ಆ ಹೆಸರು ಅಂಟಿತ್ತು. ಪಟಾಕಿಗೆ ಆ ಹೆಸರು ಯಾಕೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಅವಳ ಮಾತು ಕೇಳಿದರೆ ಸಾಕಿತ್ತು.

ಇನ್ನೂರು ವರ್ಷದ ಹಿಂದಿನ ಕತೆಯೊಂದನ್ನು ಮಿಸ್ ಹೋದ ವಾರ ಹೇಳಿದ್ದರು. ಕರೆಂಟೇ ಬೇರೆ, ಆಯಸ್ಕಾಂತವೇ ಬೇರೆ ಎಂದು ಜನ ನಂಬಿದ್ದ ಕಾಲ. ಒಬ್ಬ ಮೇಷ್ಟರು ಪಾಠ ಮಾಡುತ್ತ ತಂತಿಯಲ್ಲಿ ಕರೆಂಟ್ ಹರಿಸಿದರು. ಹತ್ತಿರದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲ್ಲಾಡಿಬಿಟ್ಟಿತು! ಅದನ್ನೇ ಇವತ್ತು ಮಾಡಿ ತೋರಿಸುತ್ತೇನೆಂದು ಪಟಾಕಿ ಡಂಗುರ ಸಾರಿದ್ದಳು. ಅಮ್ಮನ ಹೊಲಿಗೆ ಅಂಗಡಿಯಲ್ಲಿ ಸೂಜಿಗೆ ಆಯಸ್ಕಾಂತ ಉಜ್ಜಿ, ಅದನ್ನೇ ದಿಕ್ಸೂಚಿ ಮಾಡಿಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳೂ ಗೊರಕೆಯೂ ಮಾಡಿ ನೋಡಿದ್ದರು. ಅಲ್ಲಿ ಪ್ರತಿಸಲವೂ ಸೂಜಿ ತಿರುಗಿತ್ತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಟಾಕಿಯ ಕಿವಿ ಬಿಸಿಯಾಯಿತು.

"ಎಲ್ಲಾ ಇವನಿಂದ್ಲೇ ಮಿಸ್! ಬ್ಯಾಟರಿ ಇವನ ಹತ್ರ ಇತ್ತು. ಆಟ ಆಡಿ ಖಾಲಿ ಮಾಡಿದಾನೆ!"

ಗೊರಕೆ ಬ್ಯಾಟರಿ ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತ.

ಪಟಾಕಿ ಒಬ್ಬಳೇ ತಂತಿ ಬಿಚ್ಚಿ ಮತ್ತೆ ಬಿಗಿದಳು. ಸ್ಕೇಲ್ ಇಟ್ಟು ಡೆಸ್ಕಿನ ಅಂಚಿಗೆ ನೇರ ಮಾಡಿದಳು. ದರ್ಜಿಯ ಮಗಳಲ್ಲವೇ, ಅವಳಿಗೆ ಏನಿದ್ದರೂ ಮೇಜಿನ ಅಂಚಿಗೆ ಸರಿಯಾಗಿಯೇ ಇರಬೇಕು. ಬ್ಯಾಟರಿಗೆ ಒತ್ತಿದಳು. ಸೂಜಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವಳಿಗೆ ಅಳುವೇ ಬರುವಂತಾಯಿತು.

"ಪರವಾಗಿಲ್ಲ ಪುಟ್ಟಾ, ನಾಳೆ ನೋಡೋಣ," ಎಂದರು ಮಿಸ್.

"ಒಂದ್ನಿಮಿಷ ಮಿಸ್." ಗೊರಕೆ ಎದ್ದು ನಿಂತಿದ್ದ. "ಅಂಗಡೀಲಿ ಸೂಜಿ ತಂತಿ ಕೆಳಗೆ ಬಚ್ಚಿಟ್ಕೊಂಡಿತ್ತು. ಮೇಲಿಂದ ನೋಡಿದ್ರೆ ಕಾಣ್ತಾನೇ ಇರ್ಲಿಲ್ಲ. ಇಲ್ಲಿ ಎರಡೂ ಕಡೆ ಇಣುಕ್ತಾ ಇದೆ."

ಪಟಾಕಿ ಬಗ್ಗಿ ನೋಡಿದಳು. ಹೌದಲ್ಲ! ಸೂಜಿ ಎಲ್ಲಿಟ್ಟರೂ ಉತ್ತರ-ದಕ್ಷಿಣಕ್ಕೇ ನಿಲ್ಲುತ್ತದೆ. ಅಮ್ಮನ ಮೇಜಿನ ಅಂಚೂ ಅದೇ ದಿಕ್ಕಿಗಿತ್ತು. ಇಲ್ಲಿನ ಡೆಸ್ಕು ಅಡ್ಡಕ್ಕಿದೆ. ಅಂಚನ್ನೇ ನಂಬಿ ಅವಳು ತಂತಿಯನ್ನು ಸೂಜಿಗೆ ಅಡ್ಡವಾಗಿ ಬಿಗಿದಿದ್ದಳು.

ಪುಸ್ತಕಗಳನ್ನು ಸರಿಸಿ ತಂತಿಯನ್ನು ಸೂಜಿಯ ನೇರಕ್ಕೆ ತಂದಳು. ಬ್ಯಾಟರಿಗೆ ಒತ್ತಿದ್ದೇ ತಡ, ಸೂಜಿ ಸರ್ರನೆ ಹೊರಳಿತು. ತರಗತಿಯೆಲ್ಲ ಹೋ ಎಂದು ಕೂಗಿತು.

"ಆ ಮೇಷ್ಟ್ರೂ ಮೊದ್ಲು ತಂತೀನ ಅಡ್ಡಕ್ಕೇ ಇಟ್ಟಿದ್ರಂತೆ. ಅವರದ್ದೂ ಅಲ್ಲಾಡ್ಲಿಲ್ವಂತೆ," ಎಂದು ಮಿಸ್ ನಕ್ಕರು. "ಶಭಾಷ್ ಪಟಾಕಿ!"

ಚಪ್ಪಾಳೆ ಬಿತ್ತು. ಪಟಾಕಿಗೆ ಯಾಕೋ ಅದು ಸೇರಲಿಲ್ಲ.

"ಹೇಳಿದ್ದು ಗೊರಕೆ, ಮಿಸ್. ಬ್ಯಾಟರಿ ಸರಿಯಾಗೇ ಇತ್ತು. ನಾನು ಸುಮ್‌ಸುಮ್ನೆ ಬೈದ್ಬಿಟ್ಟೆ." ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಆ ತರಗತಿ ಎಂದೂ ಕೇಳಿರಲಿಲ್ಲ.

ಗೊರಕೆ ಹತ್ತಿರ ಬಂದು ಪಿಸುಗುಟ್ಟಿದ. "ನಿಜ ಹೇಳ್ಲಾ? ನಿನ್ನೆ ಆ ಬ್ಯಾಟರೀನ ಸ್ವಲ್ಪ ಹೊತ್ತು ಟಾರ್ಚಿಗೆ ಹಾಕಿದ್ದೆ ಕಣೇ."

ಪಟಾಕಿಗೆ ನಗು ತಡೆಯಲಾಗಲಿಲ್ಲ. ತಂತಿಯ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅವನತ್ತ ಚಾಚಿದಳು.

"ಬಾ, ಇನ್ನೊಂದ್ಸಲ."