ಹದಿನೇಳನೇ ಮೀನು

"ಮಿಸ್, ನನ್ನ ಮೀನು ಅವಳ ಮೀನಿನ ಹಿಂದೆ ಯಾಕೆ ಹೋಗ್ತಿದೆ?"

ಕಂಪ್ಯೂಟರ್ ಲ್ಯಾಬಿನಲ್ಲಿ ಚೂಟಿ ಎದ್ದು ನಿಂತೇಬಿಟ್ಟಿದ್ದಳು. ಗೋಡೆಯ ದೊಡ್ಡ ಸ್ಕ್ರೀನಿನಲ್ಲಿ ಇಡೀ ಕ್ಲಾಸಿನ ಮೀನುಗಳು ಈಜುತ್ತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಮೀನು. ಎಲ್ಲವೂ ಒಂದೇ ಅಚ್ಚಿನವು. ಯಾವುದು ಯಾರದ್ದೆಂದು ಕಂಪ್ಯೂಟರಿಗೆ ಗೊತ್ತಾಗುವುದು ನಂಬರಿನಿಂದ ಮಾತ್ರ.

ಚೂಟಿಯದು ಹದಿನೆಂಟು. ಅವಳ ಜೀವದ ಗೆಳತಿ ಗಿಣಿಯದು ಹದಿನೇಳು. 'ಹದಿನೇಳು ಎಲ್ಲಿ ಹೋದರೆ ಅಲ್ಲಿಗೆ ಹೋಗು' ಎಂದು ಚೂಟಿ ತನ್ನ ಮೀನಿಗೆ ಪ್ರೋಗ್ರಾಂ ಬರೆದಿದ್ದಳು. ಹೋದ ತಿಂಗಳು ಗಿಣಿಯ ಮನೆಯವರು ಬೇರೆ ಊರಿಗೆ ಹೋದರು. ಮಿಸ್ ಅವಳ ಮೀನನ್ನು ಅಳಿಸಿದರು. ಅಂದಿನಿಂದ ಹದಿನೆಂಟು ನಿಂತಲ್ಲೇ ನಿಂತಿತ್ತು. ಅದೇ ಸರಿ ಎಂದು ಚೂಟಿಗೆ ಅನ್ನಿಸಿತ್ತು.

ಇವತ್ತು ಹೊಸ ಹುಡುಗಿಯೊಬ್ಬಳು ಕ್ಲಾಸಿಗೆ ಸೇರಿದ್ದಳು. ಬಂದವಳು ಒಂದು ಮೀನು ಮಾಡಿದಳು. ಅಷ್ಟೇ! ಹದಿನೆಂಟು ಬಾಲ ಅಲ್ಲಾಡಿಸುತ್ತ ಅದರ ಹಿಂದೆ ಹೊರಟಿತು. ಮಾನ ಮರ್ಯಾದೆ ಇಲ್ಲದ ಮೀನು!

ಮಿಸ್ ಬಗ್ಗಿ ನೋಡಿದರು. "ಓಹ್, ಖಾಲಿ ಇರೋ ನಂಬರ್ ಹುಡುಕಿ ಕೊಡು ಅಂತ ನಾನೇ ಬರೆದಿದ್ದೆ. ಹದಿನೇಳು ಖಾಲಿ ಇತ್ತು, ಅದನ್ನೇ ಕೊಟ್ಟಿದೆ. ಇರ್ಲಿ ಬಿಡು, ಅದ್ರಲ್ಲೇನಿದೆ?"

"ಅದು ಖಾಲಿ ಅಲ್ಲ ಮಿಸ್. ಗಿಣಿದು."

"ಗಿಣಿ ಹೋದ್ಲಲ್ಲಮ್ಮ."

"ಹೋದ್ರೇನಂತೆ? ಒಬ್ರಿಗೆ ಕೊಟ್ಟ ನಂಬರ್ ಇನ್ನೊಬ್ರಿಗೆ ಕೊಡಬಾರ್ದು. ಪಾಪ, ನನ್ನ ಮೀನು ಗಿಣಿನೇ ವಾಪಸ್ ಬಂದ್ಲು ಅಂದ್ಕೊಂಡಿದೆ!"

ಕ್ಲಾಸು ಗೊಳ್ಳೆಂದು ನಕ್ಕಿತು. ಚೂಟಿಯ ಕಿವಿ ಬಿಸಿಯಾಯಿತು.

"ಸಾಕು, ಕೂತ್ಕೋ."

"ಕೂರಲ್ಲ ಮಿಸ್."

ನಗು ನಿಂತಿತು. ಮಿಸ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊಸ ಹುಡುಗಿಯೂ ಎದ್ದು ನಿಂತಳು.

"ನಂಗೂ ಅದು ಬೇಡ ಮಿಸ್. ಬೆಳಗ್ಗೆಯಿಂದ ಇದೇ ಆಯ್ತು. ಇದು ಗಿಣಿ ಸೀಟು, ಅದು ಗಿಣಿ ಜಾಗ. ಮೀನಾದ್ರೂ ನಂದೇ ಇರ್ಲಿ."

ಸೀಟಿನ ಮಾತು ಆಡಿದ್ದು ಚೂಟಿಯೇ. ಅವಳು ತಲೆ ತಗ್ಗಿಸಿದಳು.

ಮಿಸ್ ಇಬ್ಬರನ್ನೂ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಪ್ರೋಗ್ರಾಂ ತಿದ್ದಿದರು. "ಸರಿ ಮಹಾರಾಣಿಯರೇ. ಇನ್ಮೇಲೆ ನಂಬರ್ ಮುಂದಕ್ಕೇ ಹೋಗುತ್ತೆ. ಹಳೇದು ಯಾರಿಗೂ ಸಿಗಲ್ಲ."

ಹೊಸ ಮೀನಿಗೆ ಮೂವತ್ತೊಂದು ಬಂತು. ಹದಿನೆಂಟು ತಟ್ಟನೆ ನಿಂತಿತು. ಚೂಟಿ ಗೆದ್ದಿದ್ದಳು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಆ ಕಡೆ ಮೂವತ್ತೊಂದು ಒಂಟಿಯಾಗಿ ಸುತ್ತಾಡುತ್ತಿತ್ತು. ಯಾವ ಮೀನೂ ಅದರ ಹತ್ತಿರ ಸುಳಿಯಲಿಲ್ಲ.

ಚೂಟಿ ಕೂತು, ಮೆಲ್ಲನೆ ಪಕ್ಕದ ಸೀಟಿನ ಕಡೆ ವಾಲಿದಳು. "ಏಯ್, ನನ್ನ ಮೀನು ನಿನ್ನದರ ಹಿಂದೆ ಬರ್ಲಾ?"

"ಹಿಂದೆ ಗಿಂದೆ ಬೇಡ," ಎಂದಳು ಹೊಸ ಹುಡುಗಿ, ಮೂಗು ಮೇಲೆತ್ತಿ. "ಪಕ್ಕದಲ್ಲಾದ್ರೆ ಬರ್ಲಿ."

ಪರವಾಗಿಲ್ವೇ, ಜೋರಿದ್ದಾಳೆ! ಚೂಟಿಗೆ ನಗು ಬಂತು. ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು. ಹದಿನೇಳರ ಸಾಲನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ ಮೂವತ್ತೊಂದಕ್ಕೆ ಹೊಸ ಸಾಲು ಬರೆದಳು.